ಮಕ್ಕಳ ಟೈಪ್ 1 ವಿವರ: ಭಾನುವಾರ ಬರೆದು ತನ್ನಿ

ಎಲ್ಲರಿಗೂ ನಮಸ್ಕಾರ. ಭಾನುವಾರ ಹಾಸನದಲ್ಲಿ ಸೇರುವಾಗ ಪ್ರತಿ ಮನೆಯವರೂ ಒಂದು ಹಾಳೆ ತನ್ನಿ. ಮಗುವಿಗೆ ಟೈಪ್ 1 ಸಕ್ಕರೆ ಕಾಯಿಲೆ (ದೇಹದಲ್ಲಿ ಇನ್ಸುಲಿನ್ ತಯಾರಾಗುವುದೇ ನಿಂತುಹೋಗುವ ಬಗೆ) ಅಂತ ಗೊತ್ತಾದ ತಿಂಗಳು, ವರ್ಷ, ಆಗಿನ ವಯಸ್ಸು, ಆಗ ಇದ್ದ ಊರು, ಅದಕ್ಕೆ ಮುಂಚೆ ಬಂದಿದ್ದ ಜ್ವರ, ಭೇದಿ ಎಲ್ಲ ಬರೆಯಿರಿ. ಗ್ರೂಪಿಗೆ ಮಾತ್ರ ಹಾಕಬೇಡಿ, ಮಕ್ಕಳ ವಿಷಯ ಅಲ್ವಾ.

ಇದೆಲ್ಲ ಯಾಕೆ ಅಂತ ಕೆಲವರು ಕೇಳಿದ್ದೀರಿ. 1990ರ ದಶಕದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಲವು ದೇಶಗಳಲ್ಲಿ ಇದೇ ಕಾಯಿಲೆಯ ಲೆಕ್ಕ ಇಟ್ಟಿತು. ಫಿನ್‌ಲ್ಯಾಂಡಿನಲ್ಲಿ ಒಂದು ಲಕ್ಷ ಮಕ್ಕಳಲ್ಲಿ ವರ್ಷಕ್ಕೆ ಸುಮಾರು 40 ಮಕ್ಕಳಿಗೆ ಹೊಸದಾಗಿ ಬರುತ್ತಿತ್ತು. ಗಡಿಯಾಚೆ, ರಷ್ಯಾದ ಕರೇಲಿಯಾದಲ್ಲಿ ಅದರ ಆರನೇ ಒಂದು ಪಾಲು ಅಷ್ಟೇ. ಎರಡೂ ಕಡೆಯವರ ವಂಶ ಹತ್ತಿರದ್ದು, ಬದುಕುವ ರೀತಿ ಬೇರೆ. ಅಂದರೆ ಸುತ್ತಲಿನ ಪರಿಸರದಲ್ಲೂ ಏನೋ ಇದೆ. ಕೆಲವು ವೈರಸ್‌ಗಳ ಮೇಲೆ ಅನುಮಾನ ಜಾಸ್ತಿ, ಅದಕ್ಕೇ ಜ್ವರದ ವಿವರ ಕೇಳಿದ್ದು. ನಮ್ಮಲ್ಲೂ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2006ರಲ್ಲಿ ಇಂಥ ದಾಖಲಾತಿ ಶುರು ಮಾಡಿತು.

ನಮ್ಮ ನಾಲ್ಕು ಹಾಳೆಯಿಂದ ಕಾರಣ ಸಿಕ್ಕಿಬಿಡುವುದಿಲ್ಲ. ಆದರೆ ನೆನಪು ಮಾಸಿದ ಮೇಲೆ ಬರೆಯಲು ಆಗುವುದಿಲ್ಲ. ನನ್ನ ಮಗಳಿಗೆ ಆಗ ಯಾವ ಜ್ವರ ಬಂದಿತ್ತು ಅಂತ ನನಗೇ ಈಗ ಸರಿಯಾಗಿ ನೆನಪಿಲ್ಲ, ಅದು ತುಂಬಾ ಬೇಸರ.

ಇನ್ನೊಂದು ಮಾತು. ಸಿಹಿ ತಿನ್ನಿಸಿದ್ದಕ್ಕೆ ಬಂತು ಅಂತ ಯಾವ ತಾಯಿಗೂ ಸುಮ್ನೆ ಹೇಳಬೇಡಿ. ಟೈಪ್ 1 ಹಾಗೆ ಬರುವುದಲ್ಲ.

ಸಕಲೇಶಪುರ, ಅರಸೀಕೆರೆ ಕಡೆಯವರು ಬರಲು ಆಗದಿದ್ದರೆ ಇಂದೇ ನನಗೆ ಫೋನ್ ಮಾಡಿ, ನಾನೇ ಬರೆದುಕೊಳ್ಳುತ್ತೇನೆ.