ಪುಟ್ಟಕ್ಕನ ಲೆಕ್ಕದಲ್ಲಿ ಬಾಕಿ ಇರುವ ಥ್ಯಾಂಕ್ಸ್

ಪುಟ್ಟಕ್ಕ ಹೋಗಿ ಇವತ್ತಿಗೆ 17 ದಿನ. ಆಗ ಫೋನ್ ಮಾಡಿದವರ ಹತ್ತಿರ ಸರಿಯಾಗಿ ಮಾತಾಡಲಿಕ್ಕೆ ಆಗಲಿಲ್ಲ. ಕೆಲವರ ಫೋನ್ ಎತ್ತಲೇ ಇಲ್ಲ. ಮಳೆ, ಕರೆಂಟಿಲ್ಲ, ನೆಟ್‌ವರ್ಕ್ ಇಲ್ಲ ಅಂತ ಆಮೇಲೆ ಹೇಳಿದೆ. ಅರ್ಧ ನಿಜ, ಅರ್ಧ ನೆಪ. ಇವತ್ತು ಸ್ವಲ್ಪ ಬಿಸಿಲು ಬಿದ್ದಿದೆ. ಕೂತು ಬರೆದುಬಿಡುತ್ತೇನೆ.

ಗೊತ್ತಿಲ್ಲದವರಿಗೆ ಹೇಳಬೇಕಲ್ಲ. ಪುಟ್ಟಕ್ಕ ಅಂದರೆ ಕೊಡಗಿನ ಮಕ್ಕಂದೂರು ಕಡೆಯ ನಮ್ಮ ಮನೆಯ ಬೆಕ್ಕು. 2007ರ ಜನವರಿಯಲ್ಲಿ ರೋಬಸ್ಟಾ ಕಾಫಿ ಕುಯ್ಲು ನಡೆಯುವಾಗ ಗೋದಾಮಿನ ಖಾಲಿ ಗೋಣಿಗಳ ಒಳಗೆ ಸಿಕ್ಕಿದ ಮರಿ. ಬಿಳಿ, ಕಪ್ಪು, ಕೇಸರಿ ಮೂರೂ ಬಣ್ಣ ಇತ್ತು. "ಮೂರು ಬಣ್ಣ ಇದ್ದರೆ ಹೆಣ್ಣೇ, ನೋಡಬೇಕಾಗೇ ಇಲ್ಲ" ಅಂದರು ಅತ್ತೆ. ನೋಡಿದರೆ ಹೆಣ್ಣೇ. ಆಗ ನಮ್ಮ ಮಗಳಿಗೆ 4 ವರ್ಷ. ಅವಳನ್ನು ಎಲ್ಲರೂ ಪುಟ್ಟಿ ಅಂತ ಕರೆಯುತ್ತಿದ್ದರು. ಮರಿ ಬಂದ ವಾರಕ್ಕೇ ಅವಳ ಕೈಗೆ ಪರಚಿ, ಅವಳ ಚಾಪೆಯ ಮೇಲೆ ತಾನು ಮಲಗಿ, ಯಜಮಾನಿಕೆ ಶುರು ಮಾಡಿತು. ಹಾಗಾಗಿ ಪುಟ್ಟಿಗೆ ಅಕ್ಕ, ಪುಟ್ಟಕ್ಕ.

ಅವಳು ನಮ್ಮದೊಂದೇ ಮನೆಯ ಬೆಕ್ಕು ಅಂತ ನಾನು ತಿಳಿದುಕೊಂಡಿದ್ದೆ. ಅಲ್ಲ ಅಂತ ಈ ಆರು ತಿಂಗಳಲ್ಲಿ ಗೊತ್ತಾಯಿತು. ಮೀನು ಮಾರುವ ಕಾಕ ಅವಳನ್ನು ಪೂಚ ಅಂತ ಕರೆಯುತ್ತಿದ್ದರು. ತೋಟದ ಕೆಲಸದವರ ಲೈನ್ ಮನೆಯ ಅಸ್ಸಾಂ ಕುಟುಂಬದ ಪುಟ್ಟ ಹುಡುಗಿಗೆ ಅವಳು ಮೇಕುರಿ. ಪಕ್ಕದ ಮನೆಯವರಿಗೆ ಸುಮ್ನೆ ಅಜ್ಜಿ. ಎಲ್ಲ ಹೆಸರಿಗೂ ಬರುತ್ತಿದ್ದಳು, ತಿಂಡಿ ಇದ್ದರೆ.

ಹಳೆಯ ಬಾಕಿಯಿಂದ ಶುರು ಮಾಡುತ್ತೇನೆ. 2018ರ ಆಗಸ್ಟ್ ಇಲ್ಲಿನ ಯಾರೂ ಮರೆಯುವ ಹಾಗಿಲ್ಲ. ಗುಡ್ಡ ಜಾರುವ ಸದ್ದು ಕೇಳಿ ನಾವು ಮನೆ ಬಿಟ್ಟಾಗ ಕೈಯಲ್ಲಿ ಇದ್ದದ್ದು ಜಾಗದ ಕಾಗದದ ಚೀಲ, ಅತ್ತೆಯ ಮಾತ್ರೆ ಡಬ್ಬಿ, ಒಂದು ಟಾರ್ಚ್. ಪುಟ್ಟಕ್ಕ ಎಲ್ಲೂ ಕಾಣಲಿಲ್ಲ. ಕೂಗಿದೆ, ಕೂಗಿದೆ, ಜೀಪಿನವನು ಹಾರ್ನ್ ಹೊಡೆದ. ಮಡಿಕೇರಿಯ ಪರಿಹಾರ ಕೇಂದ್ರದಲ್ಲಿ 11 ದಿನ ಇದ್ದೆವು. ಮನೆ ಕಳಕೊಂಡವರು, ಮನೆಯವರನ್ನೇ ಕಳಕೊಂಡವರು ಪಕ್ಕದಲ್ಲಿ ಮಲಗಿರುವಾಗ ಬೆಕ್ಕಿನ ಮಾತು ಎತ್ತಲಿಕ್ಕೆ ನಾಚಿಕೆ ಆಗುತ್ತಿತ್ತು. ಪಕ್ಕದ ಮನೆಯ ಹುಡುಗ ಹಸು ನೋಡಿಕೊಂಡು ಬರಲಿಕ್ಕೆ ಅಂತ ಒಂಬತ್ತನೇ ದಿನ ಹೋದವನು ಫೋನ್ ಮಾಡಿದ. "ಆಂಟಿ, ಅಟ್ಟದ ಮೇಲೆ ಇದ್ದಾಳೆ. ಬೈತಾ ಇದ್ದಾಳೆ." ಅವನ ಊಟಕ್ಕೆ ಕಟ್ಟಿಕೊಂಡು ಹೋಗಿದ್ದ ಮೊಟ್ಟೆಯನ್ನು ಅವಳಿಗೆ ಕೊಟ್ಟು ತಾನು ಬರೀ ಅನ್ನ ತಿಂದನಂತೆ. ನಮ್ಮ ಅರ್ಧ ಎಕರೆ ಕಾಫಿ ಜಾರಿಹೋಗಿತ್ತು. ಆ ಫೋನ್ ಬಂದ ಮೇಲೆ ಅತ್ತೆ ಮೊದಲ ಸಲ ಸರಿಯಾಗಿ ಊಟ ಮಾಡಿದರು. ಆ ಹುಡುಗ ಈಗ ಮಂಗಳೂರಲ್ಲಿ ಕೆಲಸದಲ್ಲಿದ್ದಾನೆ. ಅವನಿಗೆ ಒಂದು ಥ್ಯಾಂಕ್ಸ್ ಕೂಡ ನೆಟ್ಟಗೆ ಹೇಳಿರಲಿಲ್ಲ ನಾನು. ಏಳು ವರ್ಷ ತಡ ಆಯಿತು ಮಗಾ.

ಇನ್ನು ಕಾಯಿಲೆ. ಕಳೆದ ಹುತ್ತರಿ ಹಬ್ಬದ ಹೊತ್ತಿಗೇ ಅವಳು ಬಚ್ಚಲಿನ ಬಕೆಟ್‌ಗೆ ಮುಖ ಇಟ್ಟು ಹೊತ್ತುಗಟ್ಟಲೆ ನೀರು ಕುಡಿಯುತ್ತಿದ್ದಳು. ನಾನು ನೋಡುತ್ತಲೇ ಇದ್ದೆ. ಡಿಸೆಂಬರ್ ಚಳಿಯಲ್ಲಿ ಬೆಕ್ಕಿಗೆ ಅಷ್ಟು ಬಾಯಾರಿಕೆ ಯಾಕೆ ಅಂತ ಒಮ್ಮೆಯೂ ಯೋಚಿಸಲಿಲ್ಲ. ಕುಯ್ಲಿನ ಗಡಿಬಿಡಿ. ಫೆಬ್ರವರಿಯಲ್ಲಿ ಎತ್ತಿಕೊಂಡಾಗ ಬೆನ್ನುಮೂಳೆ ಕೈಗೆ ಚುಚ್ಚಿತು. ಕರಿಮೆಣಸು ತೂಗುವ ತಕ್ಕಡಿಯಲ್ಲಿ ಬುಟ್ಟಿ ಸಮೇತ ತೂಗಿ, ಬುಟ್ಟಿಯ ತೂಕ ಕಳೆದೆವು. 2 ಕೆಜಿ 300 ಗ್ರಾಂ. ಮೊದಲು 4 ಕೆಜಿ ಇದ್ದಳು.

ಮಗಳು ಮೈಸೂರಿಗೆ ಕರೆಸಿಕೊಂಡು ರಕ್ತ ಪರೀಕ್ಷೆ ಮಾಡಿಸಿದಳು. ಕಿಡ್ನಿ ಸೋತರೆ ರಕ್ತದಲ್ಲಿ ಏರುವ ಕ್ರಿಯಾಟಿನಿನ್ 4.8. ಕಿಡ್ನಿ ಕಾಯಿಲೆಗೆ ನಾಲ್ಕು ಹಂತ ಇದೆ, ಇವಳು ಮೂರನೆಯದರ ಕೊನೆಯಲ್ಲಿದ್ದಾಳೆ ಅಂತ ಅಲ್ಲಿನ ಡಾಕ್ಟರಮ್ಮ ಕಾಗದದ ಮೇಲೆ ಗೆರೆ ಎಳೆದು ತೋರಿಸಿದರು. ವಯಸ್ಸಾದ ಬೆಕ್ಕುಗಳಲ್ಲಿ ಇದು ಬಹಳ ಸಾಮಾನ್ಯ, ಕಿಡ್ನಿಯ ಬಹುಪಾಲು ಕೆಲಸ ನಿಂತ ಮೇಲೇ ರಕ್ತದಲ್ಲಿ ಹೀಗೆ ಕಾಣುವುದು ಅಂದರು. ನನ್ನ ಮುಖ ನೋಡಿ ಹೇಳಿದರೋ ಏನೋ, "ನೀವು ಡಿಸೆಂಬರ್‌ನಲ್ಲಿ ತಂದಿದ್ದರೂ ಇದೇ ಔಷಧಿ ಕೊಡುತ್ತಿದ್ದೆ" ಅಂತಲೂ ಅಂದರು. ಅದು ಪೂರ್ತಿ ನಿಜ ಇರಲಿಕ್ಕಿಲ್ಲ. ಆದರೂ ಆ ಮಾತಿಗೆ ನಾನು ಋಣಿ.

ಮನೆಯಲ್ಲೇ ದಿನ ಬಿಟ್ಟು ದಿನ ಚರ್ಮದ ಕೆಳಗೆ 100 ಎಂಎಲ್ ಡ್ರಿಪ್ ಕೊಡಬೇಕು ಅಂದಾಗ ನನ್ನ ಕೈಕಾಲು ತಣ್ಣಗಾಯಿತು. ಮಡಿಕೇರಿಯ ಪಶು ವೈದ್ಯರು ಒಮ್ಮೆ ಮಾಡಿ ತೋರಿಸಿದರು. ಆದರೆ ದಿನಾ ಕೈ ಹಿಡಿದು ಕಲಿಸಿದ್ದು ನಮ್ಮ ಮೇಲಿನ ಮನೆಯ ಸಿಸ್ಟರ್. ಮೂವತ್ತು ಚಿಲ್ಲರೆ ವರ್ಷ ಆಸ್ಪತ್ರೆಯಲ್ಲಿ ಮನುಷ್ಯರಿಗೆ ಸೂಜಿ ಹಾಕಿ ರಿಟೈರ್ ಆದವರು. ಬೆಕ್ಕು ಕಂಡರೆ ಅವರಿಗೆ ಆಗುವುದಿಲ್ಲ, ಸೀನು ಬರುತ್ತದೆ. ಮಾಸ್ಕ್ ಹಾಕಿಕೊಂಡು ಬರುತ್ತಿದ್ದರು. ಬಾಟಲಿಯನ್ನು ಬಿಸಿನೀರಲ್ಲಿ ಇಟ್ಟು ಉಗುರುಬೆಚ್ಚಗೆ ಮಾಡೋದು, ಕಿಟಕಿಯ ಸರಳಿಗೆ ಕೊಡೆ ನೇತುಹಾಕುವ ಕೊಕ್ಕೆಗೆ ಅದನ್ನು ಸಿಕ್ಕಿಸೋದು, ಹೆಗಲ ಮೇಲಿನ ಚರ್ಮವನ್ನು ಡೇರೆಯ ಹಾಗೆ ಎತ್ತಿ ಬುಡದಲ್ಲಿ ಸೂಜಿ ಇಳಿಸೋದು. ನೀರು ಒಳಗೆ ಹೋದಹಾಗೆ ಹೆಗಲಲ್ಲಿ ಒಂದು ಗಡ್ಡೆ ಎದ್ದು, ಆಮೇಲೆ ಮೆಲ್ಲಗೆ ಮುಂಗಾಲಿನ ಕಡೆ ಇಳಿಯುತ್ತದೆ. ಪುಟ್ಟಕ್ಕ ಆಗ ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ ಆಗಿ, ಸಿಟ್ಟಿನಿಂದ ಸೊಟ್ಟಗೆ ನಡೆದು ಹೋಗುತ್ತಿದ್ದಳು. ಅದನ್ನು ನೋಡಿ ನಾವಿಬ್ಬರೂ ನಕ್ಕಿದ್ದೇವೆ. ನಗಬಾರದಿತ್ತು, ಆದರೆ ನಕ್ಕಿದ್ದೇವೆ.

ಸಿಸ್ಟರ್‌ಗೆ ಇನ್ನೊಂದು ಥ್ಯಾಂಕ್ಸ್ ಇದೆ. ಏಪ್ರಿಲ್‌ನಲ್ಲಿ ಒಂದು ದಿನ ಪುಟ್ಟಕ್ಕನ ಮೈ ಬಿಸಿ ಅನ್ನಿಸಿ ಒಂದು ಔಷಧಿ ಅಂಗಡಿಯಲ್ಲಿ ಕೇಳಿದೆ. ಪ್ಯಾರಾಸಿಟಮಾಲ್ ಅರ್ಧ ಕೊಡಿ, ಏನಾಗಲ್ಲ ಅಂದರು. ಯಾವ ಅಂಗಡಿ ಅನ್ನುವುದು ಬೇಡ. ಮಾತ್ರೆ ಅರ್ಧ ಮುರಿದು ಕೈಯಲ್ಲಿ ಇಟ್ಟುಕೊಂಡಿದ್ದೆ, ಸಿಸ್ಟರ್ ಕಿತ್ತು ಬಿಸಾಡಿದರು. ಡಾಕ್ಟರಿಗೆ ಫೋನ್ ಮಾಡಿದರೆ, ಬೆಕ್ಕಿನ ಲಿವರ್‌ಗೆ ಅದನ್ನು ಅರಗಿಸಲಿಕ್ಕೆ ಆಗುವುದಿಲ್ಲ, ಅರ್ಧ ಮಾತ್ರೆಯಲ್ಲೇ ಜೀವ ಹೋಗಬಹುದು ಅಂದರು. ಬೆಕ್ಕು ಸಾಕಿದವರು ದಯವಿಟ್ಟು ಇದೊಂದು ನೆನಪಿಡಿ. ಮಿಕ್ಕಿದ್ದೆಲ್ಲ ಮರೆತರೂ ಪರವಾಗಿಲ್ಲ.

ತೋಟದ ಮಳೆ ಲೆಕ್ಕದ ಪುಸ್ತಕ ಬರೆಯುವುದು ನಮ್ಮ ಮನೆಯವರು. ದಿನಾ ಬೆಳಗ್ಗೆ ಮಾಪಕ ನೋಡಿ ಇಂಚು, ಸೆಂಟು ಬರೆಯುತ್ತಾರೆ. ಅವರು ಪುಟ್ಟಕ್ಕನ ಹತ್ತಿರ ಕೊಂಡಾಟ ಮಾಡಿದ್ದನ್ನು ನಾನು ನೋಡಿಲ್ಲ. "ಬೆಕ್ಕಿಗೆ ಇಷ್ಟೆಲ್ಲಾ ಯಾಕೆ" ಅಂತ ನೆಂಟರು ಯಾರಾದರೂ ಅಂದರೆ ಎದ್ದು ಹೊರಗೆ ಹೋಗುತ್ತಿದ್ದರು, ಅಷ್ಟೇ. ಈ ವರ್ಷ, ಅಂದರೆ 2025ರಲ್ಲಿ, ಮೇ 24ಕ್ಕೇ ಮುಂಗಾರು ಕೇರಳ ಮುಟ್ಟಿತು, ನಮ್ಮಲ್ಲೂ ತಡ ಮಾಡಲಿಲ್ಲ. ಡ್ರಿಪ್ ಕೊಟ್ಟದ್ದು ನಿನ್ನೆಯೋ ಮೊನ್ನೆಯೋ ಅಂತ ನಾನು ಒದ್ದಾಡುವಾಗ ಅವರು ಆ ಪುಸ್ತಕ ತಂದು ಮುಂದೆ ಇಟ್ಟರು. ಮಳೆಯ ಅಂಕಿಯ ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಸಣ್ಣದಾಗಿ "ಪು. 100". ಕಾಫಿ ಹೂ ಅರಳಿಸುವ ಮಾರ್ಚ್‌ನ ಹೂಮಳೆಯ ಸಾಲಿನಿಂದಲೂ ಇದೆ. ಮೊನ್ನೆ ಕೂತು ಎಣಿಸಿದೆ, 79 ಸಲ. ಅವರಿಗೆ ಎದುರಿಗೆ ಥ್ಯಾಂಕ್ಸ್ ಹೇಳಿದರೆ ಮತ್ತೆ ಎದ್ದು ಹೊರಗೆ ಹೋಗುತ್ತಾರೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಆಗಸ್ಟ್ 3, ಆಟಿ ತಿಂಗಳ 18ನೇ ದಿನ, ಕೊಡಗಿನಲ್ಲಿ ಮದ್ದು ಸೊಪ್ಪಿನ ಅಡುಗೆ ಮಾಡುವ ದಿನ. ಮದ್ದು ಸೊಪ್ಪಿನ ಪಾಯಸ ಕುದಿಯುತ್ತಿತ್ತು. ಮನೆಯೆಲ್ಲ ಆ ವಾಸನೆ. ಮೀನು ಮುಂದಿಟ್ಟರೂ ಪುಟ್ಟಕ್ಕ ಮುಖ ತಿರುಗಿಸಿದಳು. ಸೋಮವಾರ ನೀರೂ ಬಿಟ್ಟಳು. ಮಂಗಳವಾರ ರಾತ್ರಿ ಕರೆಂಟಿಲ್ಲ, ಬೆಂಕಿ ಒಲೆಯ ಪಕ್ಕ ಅವಳನ್ನು ಮಲಗಿಸಿ ಕೂತೆ. ಮುಟ್ಟಿದರೆ ಗುರ್ರ್ ಗುರ್ರ್ ಅನ್ನುತ್ತಿದ್ದಳು. ನನಗೆ ಖುಷಿಯಾಯಿತು. ನೋವಿದ್ದರೂ ಬೆಕ್ಕು ಹಾಗೆ ಅನ್ನುತ್ತದೆ ಅಂತ ಬೆಳಗ್ಗೆ ಫೋನಿನಲ್ಲಿ ಡಾಕ್ಟರ್ ಹೇಳಿದರು.

ಬುಧವಾರ ಸಂಜೆ ಡಾಕ್ಟರೇ ಬಂದರು, ಕೆಲಸ ಮುಗಿಸಿಕೊಂಡು, ಆ ಮಳೆಯಲ್ಲಿ, ರಸ್ತೆಗೆ ಬಿದ್ದ ಮರ ಸುತ್ತಿಕೊಂಡು. ಅವರು ಬ್ಯಾಗ್ ತೆರೆಯುವ ಮೊದಲು ಕೇಳಿದ್ದು, "ಮಗಳಿಗೆ ಹೇಳಿದ್ದೀರಾ?" ಮಗಳು ಫೋನಿನಲ್ಲಿ ಇದ್ದಳು. ಮೊದಲ ಇಂಜೆಕ್ಷನ್ ನಿದ್ದೆಗೆ. ನನ್ನ ತೊಡೆಯ ಮೇಲೆ ಕುತ್ತಿಗೆ ಮೆಲ್ಲಗೆ ಭಾರವಾಯಿತು. ಎರಡನೆಯದಕ್ಕೆ ಅವರು ನನ್ನ ಕಡೆ ನೋಡಿ, ನಾನು ತಲೆ ಆಡಿಸುವವರೆಗೆ ಕಾದರು. ಎಷ್ಟು ಹೊತ್ತು ಕಾದರೋ ಗೊತ್ತಿಲ್ಲ, ಅವಸರ ಮಾಡಲಿಲ್ಲ. ಕಾಫಿ ಕೊಟ್ಟರೆ ಕುಡಿದು ಹೋದರು. ಪೆಟ್ರೋಲಿಗೂ ದುಡ್ಡು ತೆಗೆದುಕೊಳ್ಳಲಿಲ್ಲ.

ಕಿತ್ತಳೆ ಗಿಡದ ಬುಡದಲ್ಲಿ ಮಣ್ಣು ಮಾಡಬೇಕು ಅಂದುಕೊಂಡಿದ್ದೆ. ಗುಂಡಿ ತೆಗೆದಷ್ಟೂ ನೀರು ತುಂಬಿತು. ಅಸ್ಸಾಂ ಹುಡುಗಿಯ ಅಪ್ಪ, ಯಾರೂ ಹೇಳದೆ, ಕಣದ ಮೇಲಿನ ಬದಿಗೆ ಹೋಗಿ ಬೇರೆ ಗುಂಡಿ ತೆಗೆದರು. ಮೂರು ಅಡಿ ಆಳ, ಒಣಗಿದ ಮಣ್ಣು. ಹಂದಿ ಕೆದಕಬಾರದು ಅಂತ ಮೇಲೆ ಕಲ್ಲು ಜೋಡಿಸಿದರು. ಹುಡುಗಿ ತನ್ನ ಛತ್ರಿಯನ್ನು ಗುಂಡಿಯ ಮೇಲೆ ಹಿಡಿದುಕೊಂಡು ನಿಂತಿದ್ದಳು, ತಾನು ನೆನೆಯುತ್ತಾ.

ಕೊನೆಗೆ ಕಾಕ. ಜೂನ್, ಜುಲೈನಲ್ಲಿ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಮತ್ತಿ ಮೀನಿನ ರೇಟು ಕೇಳಿದರೆ ತಲೆ ತಿರುಗುತ್ತಿತ್ತು. ಆಗಲೂ ನಮ್ಮ ಗೇಟಿನ ಕಲ್ಲಿನ ಮೇಲೆ ಒಂದು ಮತ್ತಿ ತಪ್ಪದೆ ಇಟ್ಟು ಹೋಗುತ್ತಿದ್ದರು. ಮೀನಿನಲ್ಲಿ ಫಾಸ್ಫರಸ್ ಜಾಸ್ತಿ, ಕಿಡ್ನಿಗೆ ಒಳ್ಳೆಯದಲ್ಲ, ಕಮ್ಮಿ ಮಾಡಿ ಅಂತ ಡಾಕ್ಟರ್ ಹೇಳಿದ್ದರು. ಕಾಕನಿಗೆ ಅದನ್ನು ಹೇಳುವ ಧೈರ್ಯ ನನಗೆ ಬರಲಿಲ್ಲ. ಡಾಕ್ಟರಿಗೆ ಕಾಕನ ವಿಷಯವನ್ನೂ ಹೇಳಲಿಲ್ಲ. ಇಬ್ಬರೂ ಕ್ಷಮಿಸಿ. ಶನಿವಾರ ಹಾರ್ನ್ ಕೇಳಿ ನಾನು ಗೇಟಿಗೆ ಹೋಗುವಷ್ಟರಲ್ಲಿ ಮತ್ತಿ ಕಲ್ಲಿನ ಮೇಲೆ ಇತ್ತು. "ಅಕ್ಕಾ, ಪೂಚ ಎಲ್ಲಿ?" ಅಂದರು. ಹೇಳಿದೆ. ಪೆಟ್ಟಿಗೆಯ ಮುಚ್ಚಳ ಹಾಕಿ ಸ್ವಲ್ಪ ಹೊತ್ತು ನಿಂತರು. ಆಮೇಲೆ, "ಇರಲಿ, ಕಾಗೆ ತಿನ್ನಲಿ" ಅಂತ ಮೀನನ್ನು ಅಲ್ಲೇ ಬಿಟ್ಟು ಹೋದರು.

ಒಂದು ಮಾತು. ಒಡೆಯದ ಮೂರು ಆರ್‌ಎಲ್ (ಡ್ರಿಪ್ ನೀರಿನ) ಬಾಟಲಿ, ಸೂಜಿಯ ಒಂದು ಪೊಟ್ಟಣ, ಕಿಡ್ನಿ ಬೆಕ್ಕಿನ ತಿಂಡಿ ಒಂದು ಚೀಲ ನಮ್ಮಲ್ಲಿ ಉಳಿದಿದೆ. ಮಡಿಕೇರಿ, ಸುಂಟಿಕೊಪ್ಪ, ಸೋಮವಾರಪೇಟೆ ಕಡೆ ಯಾರ ಬೆಕ್ಕಿಗಾದರೂ ಡಾಕ್ಟರ್ ಬರೆದುಕೊಟ್ಟಿದ್ದರೆ ಹೇಳಿ, ತಂದು ಕೊಡುತ್ತೇನೆ. ಸೂಜಿ ಹಾಕಲಿಕ್ಕೆ ಹೆದರಿಕೆ ಆದರೆ ಮೊದಲ ನಾಲ್ಕು ದಿನ ನಾನೇ ಬರುತ್ತೇನೆ. ಸಿಸ್ಟರ್ ಕೂಡ ಬರುತ್ತಾರಂತೆ, ಮಾಸ್ಕ್ ಹಾಕಿಕೊಂಡು.