ಮಂಗಳಯಾನದ ಕ್ಯಾಮೆರಾ ನಡೆಸಿದವರಿಗೆ

ಮಂಗಳಯಾನ ಮತ್ತೆ ಸಂಪರ್ಕಕ್ಕೆ ಸಿಗುವುದಿಲ್ಲ ಎಂದು ಇಸ್ರೊ 2022ರ ಅಕ್ಟೋಬರ್ 3ರಂದು ತಿಳಿಸಿದೆ. ಆರು ತಿಂಗಳ ಕೆಲಸಕ್ಕೆಂದು ಹೋದ ನೌಕೆ 2014ರ ಸೆಪ್ಟೆಂಬರ್ 24ರಿಂದ ಏಳೂವರೆ ವರ್ಷ ದುಡಿಯಿತು. ಅಹಮದಾಬಾದಿನಲ್ಲಿ ಅದರ ಕ್ಯಾಮೆರಾ ಕಟ್ಟಿದವರಿಗೆ, ಬೆಂಗಳೂರಿನ ಪೀಣ್ಯದಲ್ಲಿರುವ ಇಸ್ರೊದ ನಿಯಂತ್ರಣ ಕೇಂದ್ರ ಇಸ್ಟ್ರಾಕ್‌ನಲ್ಲಿ ಕೂತು ನೌಕೆ ನಡೆಸಿದವರಿಗೆ, ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿ ನೌಕೆಯೊಡನೆ ಮಾತಾಡುವ 32 ಮೀಟರ್ ಆಂಟೆನಾ ನೋಡಿಕೊಂಡವರಿಗೆ ನಮಸ್ಕಾರ.

ಈ ಕ್ಯಾಮೆರಾದ ತೂಕ ಕೇವಲ 1.27 ಕಿಲೊ. ಅದು ತಾನಾಗಿ ತಿರುಗುವುದಿಲ್ಲ, ನೌಕೆಯ ಮೈಗೇ ಬಿಗಿದದ್ದು. ಭೂಮಿಗೆ ದತ್ತಾಂಶ ಕಳಿಸುವ 2.2 ಮೀಟರಿನ ಡಿಶ್ ಕೂಡ ಹಾಗೇ. ಹಾಗಾಗಿ ಚಿತ್ರ ತೆಗೆಯಲು ಇಡೀ ನೌಕೆ ಹೊರಳಬೇಕು. ಹೊರಳಿದರೆ ಡಿಶ್ ಭೂಮಿಯ ನೇರ ತಪ್ಪುತ್ತದೆ. ಮೊದಲು ತೆಗೆದು ಕೂಡಿಡು, ಆಮೇಲೆ ತಿರುಗಿ ಕಳಿಸು ಎಂಬ ಕ್ರಮ. ಕಳಿಸುವುದೂ ಸೆಕೆಂಡಿಗೆ 5ರಿಂದ 40 ಕಿಲೊಬಿಟ್ ಮಾತ್ರ. 2048×2048 ಚುಕ್ಕೆಗಳ (ಪಿಕ್ಸೆಲ್) ಒಂದು ಚಿತ್ರ, ಚುಕ್ಕೆಗೆ 8 ಬಿಟ್ ಎಂದೇ ಹಿಡಿದು ಕುಗ್ಗಿಸದೆ ಕಳಿಸಿದರೆ, ವೇಗ ಚೆನ್ನಾಗಿದ್ದಾಗ 14 ನಿಮಿಷ. ಇಲ್ಲದಿದ್ದರೆ ಹತ್ತಿರ ಹತ್ತಿರ ಎರಡು ಗಂಟೆ.

ಕಕ್ಷೆ ಮಂಗಳದ ನೆಲದಿಂದ 421 ಕಿ.ಮೀ.ನಿಂದ 76,993 ಕಿ.ಮೀ. ಎತ್ತರದವರೆಗೆ ಎಳೆದದ್ದು. ಇಂಧನ ಸಾಲದ್ದಕ್ಕೆ ಒಪ್ಪಿಕೊಂಡ ಆಕಾರ ಎನ್ನಬಹುದು. ಆದರೆ ದೂರದ ತುದಿಯಲ್ಲಿ ಒಂದು ಚುಕ್ಕೆಗೆ ಸುಮಾರು 4 ಕಿ.ಮೀ. ಸಿಗುತ್ತದೆ, ಇಡೀ ಮಂಗಳ ಒಂದೇ ಚೌಕಟ್ಟಿಗೆ ಬರುತ್ತದೆ. ಆ ಪೂರ್ಣಬಿಂಬಗಳು ಬಂದದ್ದು ಹೀಗೆ. ಹತ್ತಿರದ ತುದಿಯಲ್ಲಿ ಕಷ್ಟವೇ ಬೇರೆ: ನೆಲ ಸೆಕೆಂಡಿಗೆ ಸುಮಾರು 4 ಕಿ.ಮೀ. ಸರಿಯುತ್ತದೆ, ಚುಕ್ಕೆಯ ಅಳತೆ 20 ಮೀಟರಿನ ಆಸುಪಾಸು. ಷಟರ್ 5 ಮಿಲಿಸೆಕೆಂಡ್ ದಾಟಿದರೆ ಚಿತ್ರ ಕಲಸುತ್ತದೆ. ಭೂಮಿಯಿಂದ ಆದೇಶ ತಲುಪಲು 3ರಿಂದ 22 ನಿಮಿಷ ಬೇಕಾದ್ದರಿಂದ ತಕ್ಷಣ ತಿದ್ದುವ ಮಾತೇ ಇಲ್ಲ. ಎಲ್ಲವನ್ನೂ ಮೊದಲೇ ಲೆಕ್ಕ ಹಾಕಿ ಏರಿಸಿಡಬೇಕು.

ಎಲ್ಲಕ್ಕಿಂತ ದೊಡ್ಡ ನಮಸ್ಕಾರ 2017ರ ಜನವರಿ 17ರ ನಿರ್ಧಾರಕ್ಕೆ. ನೌಕೆ ಮಂಗಳದ ನೆರಳಿಗೆ ಹೋದಾಗ (ಅದೇ ಗ್ರಹಣ) ಬಿಸಿಲು ಸಿಗದೆ ಬ್ಯಾಟರಿಯಲ್ಲೇ ನಡೆಯಬೇಕು. ಬ್ಯಾಟರಿ ತಡೆಯುತ್ತಿದ್ದುದು ಸುಮಾರು 1 ಗಂಟೆ 40 ನಿಮಿಷದ ಕತ್ತಲನ್ನು; ಮುಂದೆ ಬರಲಿದ್ದ ಗ್ರಹಣಗಳು ಅದಕ್ಕಿಂತ ಎಷ್ಟೋ ಉದ್ದ. ಉಳಿದಿದ್ದ ಸುಮಾರು 33 ಕಿಲೊ ಇಂಧನದಲ್ಲಿ 20 ಕಿಲೊ ಸುಟ್ಟು, ಎಂಟು ಥ್ರಸ್ಟರ್‌ಗಳನ್ನು 431 ಸೆಕೆಂಡ್ ಉರಿಸಿ ಕಕ್ಷೆ ಬದಲಿಸಿದರು. ಇಂಧನ ಉಳಿಸಬೇಕು ಎಂದು ಕೂತಿದ್ದರೆ ನೌಕೆ ಆ ವರ್ಷವೇ ಹೋಗುತ್ತಿತ್ತೇನೋ. ಮುಂದಿನ ಐದು ವರ್ಷ ಸಿಕ್ಕಿದ್ದು ಈ ಧಾರಾಳದಿಂದ.

2022ರ ಏಪ್ರಿಲ್‌ನ ದೀರ್ಘ ಗ್ರಹಣದ ಹೊತ್ತಿಗೆ ಹಾಗೆ ಖರ್ಚು ಮಾಡಲು ಇಂಧನ ಉಳಿದಿರಲಿಲ್ಲ; ಸಂಪರ್ಕ ಕಡಿದದ್ದು ಆಗಲೇ. ತೆಗೆದ ಚಿತ್ರಗಳು ಬ್ಯಾಲಾಳುವಿನ ದತ್ತಾಂಶ ಕೇಂದ್ರದಲ್ಲಿವೆ. ಅಲ್ಲಿ ಅವನ್ನು ಜೋಪಾನ ಮಾಡುತ್ತಿರುವವರಿಗೂ ಧನ್ಯವಾದ.