ಖೀಮಾ ಚಟಪಟ ಅನ್ನುವ ತನಕ ಕಾಯಬೇಕು

ಪ್ರೀತಿಯ ಕುಂಞಿ,

ನೀನು ಕಳಿಸಿದ ಫೋಟೋ ನೋಡಿದೆ. ಬೂದು ಬಣ್ಣದ ಖೀಮಾ, ಉಂಡೆ ಕಟ್ಟಿದ ನೂಡಲ್ಸ್, ಬಟ್ಟಲಿನ ತಳದಲ್ಲಿ ನೀರು. ಚೈನಾಟೌನಿನಲ್ಲಿ ನಾವಿಬ್ಬರೂ ತಿಂದ ಡಾನ್‌ಡಾನ್ ನೂಡಲ್ಸ್ ಹೀಗಿರಲಿಲ್ಲ ಅಲ್ವಾ? "ಎಲ್ಲಾ ಸಾಮಾನು ಸಿಗುವ ಶಿಕಾಗೋದಲ್ಲಿ ನನಗೆ ಬರಲ್ಲ, ಏನೂ ಸಿಗದ ಗೋಣಿಕೊಪ್ಪದಲ್ಲಿ ಕೂತು ನೀನು ಹೇಗೆ ಮಾಡ್ತೀಯ ಅವ್ವ?" ಅಂತ ಕೇಳಿದ್ದೀಯ. ಫೋನಿನಲ್ಲಿ ಹೇಳಿದರೆ ಅರ್ಧ ಕೇಳಿ ಅರ್ಧ ಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ಇದನ್ನು ಪಂದಿ ಕರಿಯ ಲೆಕ್ಕದಲ್ಲಿ ಮಾಡಬೇಡ. ಪಂದಿ ಕರಿಯಲ್ಲಿ ಹಂದಿಯೇ ಊಟ, ಅಕ್ಕಿಯ ಉಂಡೆ ಕಡಂಬುಟ್ಟು ಅದರ ಜೊತೆಗೆ. ಇಲ್ಲಿ ನೂಡಲ್ಸೇ ಊಟ. ಮಾಂಸ ರುಚಿಗೆ ಮಾತ್ರ. ನೀನು ಒಂದು ಪೌಂಡ್ ಪ್ಯಾಕೆಟ್ ಪೂರ್ತಿ ಬಾಣಲೆಗೆ ಸುರಿದಿದ್ದೀಯ. ಅಂದರೆ 450 ಗ್ರಾಂ. ಇಬ್ಬರಿಗೆ 150 ಗ್ರಾಂ ಧಾರಾಳ.

ಇಷ್ಟು ಕಡಿಮೆ ಯಾಕೆ ಅಂದರೆ, ಇದು ಬೀದಿಯಲ್ಲಿ ಹೊತ್ತು ಮಾರುತ್ತಿದ್ದ ತಿಂಡಿ. ಚೀನಾದ ಸಿಚುವಾನ್ ಪ್ರಾಂತ್ಯದ ಊರುಗಳಲ್ಲಿ ಮಾರುವವರು ಕಾವಡಿ ಹೊತ್ತು ಓಣಿ ಓಣಿ ತಿರುಗುತ್ತಿದ್ದರು. ಒಂದು ಕಡೆ ಒಲೆ ಮತ್ತು ನೀರಿನ ಪಾತ್ರೆ, ಇನ್ನೊಂದು ಕಡೆ ನೂಡಲ್ಸ್, ಬಟ್ಟಲು, ಸಾಸು. ಹೆಗಲ ಮೇಲೆ ಎಷ್ಟು ಹೊರೆ ಹೊರಬಹುದು ಹೇಳು? ಹಾಗಾಗಿ ಚಿಕ್ಕ ಬಟ್ಟಲು, ಸಾರು ಇಲ್ಲ, ಮೇಲೊಂದಿಷ್ಟು ಹುರಿದ ಮಾಂಸ. ಖೀಮಾ ಮೊದಲೇ ಒಣಗಿಸಿ ಹುರಿದುಕೊಂಡರೆ ಬೇಗ ಕೆಡುವುದಿಲ್ಲ. ಗಿರಾಕಿ ಬಂದಾಗ ನೂಡಲ್ಸ್ ಬೇಯಿಸಿ ಮೇಲೆ ಉದುರಿಸಿದರೆ ಮುಗಿಯಿತು. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಉಳಿದದ್ದೆಲ್ಲ ತಾನೇ ಅರ್ಥವಾಗುತ್ತದೆ. ನಿನ್ನ ಅಪ್ಪನಿಗೆ ಮಾತ್ರ ಇನ್ನೂ ಅರ್ಥವಾಗಿಲ್ಲ. ಬಟ್ಟಲು ಮುಂದಿಟ್ಟ ತಕ್ಷಣ ಚಮಚದಲ್ಲಿ ಕೆದಕಿ ನೋಡುತ್ತಾರೆ. "ಹಂದಿ ಎಲ್ಲಿ?" ಅನ್ನುತ್ತಾರೆ. ಆಮೇಲೆ ಬಟ್ಟಲು ನೆಕ್ಕಿಟ್ಟಿರುತ್ತಾರೆ, ಅದು ಬೇರೆ ವಿಷಯ.

ಈಗ ಖೀಮಾ. ನೀನು ಸೋತದ್ದು ಇಲ್ಲೇ, ಸ್ವಲ್ಪ ಜಾಸ್ತಿ ಹೇಳುತ್ತೇನೆ.

ಕೊಬ್ಬು ಕಡಿಮೆ ಅಂತ ಬರೆದಿರುವ ಪ್ಯಾಕೆಟ್ ತರಬೇಡ. ನೂರಕ್ಕೆ ಇಪ್ಪತ್ತು ಭಾಗವಾದರೂ ಕೊಬ್ಬು ಇರಲಿ. ನಮ್ಮಲ್ಲಿ ಅಂಗಡಿಯವರು ಖೀಮಾ ಮಾಡಿ ಕೊಡುವುದಿಲ್ಲ, ತುಂಡು ಮಾಡಿಯೇ ಅಭ್ಯಾಸ. ನಾನು ಭುಜದ ಭಾಗ ತಂದು ಚರ್ಮ ತೆಗೆದು ಮರದ ಹಲಗೆಯ ಮೇಲೆ ಕತ್ತಿಯಲ್ಲಿ ಕೊಚ್ಚುತ್ತೇನೆ. ಕೈಯಲ್ಲಿ ಕೊಚ್ಚಿದ್ದು ಕಾಳು ಕಾಳಾಗಿ ಇರುತ್ತದೆ, ಮಿಷನ್ನಿನದು ಹಿಟ್ಟಿನ ಹಾಗೆ ಅಂಟುತ್ತದೆ. ನಿನಗೆ ಪುರುಸೊತ್ತಿಲ್ಲ ಅಂತ ಗೊತ್ತು, ಪ್ಯಾಕೆಟ್ಟೇ ಸಾಕು. ಆದರೆ ಫ್ರಿಜ್ಜಿನಿಂದ ತೆಗೆದು ಕಾಗದದಲ್ಲಿ ಒತ್ತಿ ಒದ್ದೆ ತೆಗೆ.

ಕಬ್ಬಿಣದ ಬಾಣಲೆ ಚೆನ್ನಾಗಿ ಕಾಯಲಿ. ಒಂದು ಚಮಚ ಎಣ್ಣೆ ಹಾಕು. ಖೀಮಾ ಹಾಕಿ ಸೌಟಿನ ತುದಿಯಲ್ಲಿ ಒಡೆಯುತ್ತಾ ಹೋಗು. ಒಂದೆರಡು ನಿಮಿಷಕ್ಕೆ ಬಣ್ಣ ಬಿಳಿಚುತ್ತದೆ, ನೀರು ಬಿಡುತ್ತದೆ. ಕೊತಕೊತ ಅಂತ ಕುದಿಯುವ ಸದ್ದು. ನೀನು ಇಲ್ಲಿಗೇ ಬೆಂದಿತು ಅಂತ ಸೋಯಾ ಸಾಸ್ ಸುರಿದಿದ್ದೀಯ, ಫೋಟೋದಲ್ಲೇ ಗೊತ್ತಾಗುತ್ತದೆ. ಬೆಂದಿರುತ್ತದೆ ನಿಜ, ಹುರಿದಿರುವುದಿಲ್ಲ. ಕಾಯಬೇಕು. ನೀರು ಆರುತ್ತಾ ಬಂದ ಹಾಗೆ ಸದ್ದು ಬದಲಾಗುತ್ತದೆ. ಕೊತಕೊತ ನಿಂತು ಚಟಪಟ ಶುರುವಾಗುತ್ತದೆ. ಬಾಣಲೆಯ ತಳದಲ್ಲಿ ಮಸುಕು ನೀರಿನ ಬದಲು ತಿಳಿ ಕೊಬ್ಬು ಕಾಣುತ್ತದೆ. ಖೀಮಾದ ಕಾಳುಗಳ ಅಂಚು ಕಂದು ಬಣ್ಣಕ್ಕೆ ತಿರುಗುತ್ತದೆ. ನೀರು ಇರುವ ತನಕ ಖೀಮಾದ ಬಿಸಿ ನೂರು ಡಿಗ್ರಿ ದಾಟುವುದಿಲ್ಲ, ಅದಕ್ಕೇ ಬಣ್ಣವೂ ಬರುವುದಿಲ್ಲ, ಘಮವೂ ಬರುವುದಿಲ್ಲ. ಮಾಂಸ ಜಾಸ್ತಿ ಹಾಕಿದಷ್ಟೂ ನೀರು ಜಾಸ್ತಿ. 150 ಗ್ರಾಂ ಅಂದದ್ದು ಇದಕ್ಕೂ ಸೇರಿಸಿ.

ಚಟಪಟ ಅಂದ ಮೇಲೆ ಸಣ್ಣಗೆ ಹೆಚ್ಚಿದ ಶುಂಠಿ ಹಾಕು. ಒಂದು ಚಮಚ ಶಾವೊಶಿಂಗ್ ವೈನ್, ಅಂದರೆ ಚೀನೀಯರ ಅಕ್ಕಿ ವೈನ್, ಹಾಕು. ಇಲ್ಲಿ ನಾನು ಅಪ್ಪನ ರಮ್ಮಿನಿಂದ ಒಂದು ಮುಚ್ಚಳ ಕದಿಯುತ್ತೇನೆ, ಅವರಿಗೆ ಹೇಳಬೇಡ. ಅದು ಆರಿದ ಮೇಲೆ ಒಂದು ಚಮಚ ಸೋಯಾ ಸಾಸ್, ಚಿಟಿಕೆ ಸಕ್ಕರೆ. ಕೊನೆಗೆ ಯಾ ಸಾಯ್. ಸಿಚುವಾನಿನ ಯೀಬಿನ್ ಊರಿನದು ಹೆಸರುವಾಸಿ. ಸಾಸಿವೆ ಜಾತಿಯ ಸೊಪ್ಪಿನ ದಂಟನ್ನು ಒಣಗಿಸಿ, ಉಪ್ಪು ಸಕ್ಕರೆ ಬೆರೆಸಿ, ಹುಳಿ ಬರಿಸಿ ಇಟ್ಟದ್ದು. ಸಣ್ಣಗೆ ಹೆಚ್ಚಿದ ಪ್ಯಾಕೆಟ್ಟೇ ನಿನ್ನ ಹತ್ತಿರದ ಚೀನೀ ಅಂಗಡಿಯಲ್ಲಿ ಇತ್ತು, ನಾನೇ ನೋಡಿದ್ದೇನೆ. ಎರಡು ಚಮಚ ಹಾಕಿ ಅರ್ಧ ನಿಮಿಷ ಕೈಯಾಡಿಸಿ ಇಳಿಸು. ಉಪ್ಪು ಜಾಸ್ತಿ ಇರುತ್ತದೆ, ಬೇರೆ ಉಪ್ಪು ಮುಟ್ಟಲೇಬೇಡ.

ನನಗೆ ಇಲ್ಲಿ ಯಾ ಸಾಯ್ ಎಲ್ಲಿ ಸಿಗಬೇಕು? ಮಳೆಗಾಲದಲ್ಲಿ ಬೈಂಬಳೆ, ಅಂದರೆ ಎಳೆ ಬಿದಿರಿನ ಕಣಿಲೆ, ನೀರಲ್ಲಿ ನೆನೆಹಾಕಿ ಹುಳಿ ಬಂದಿರುತ್ತದಲ್ಲ, ಅದನ್ನು ಬೇಯಿಸಿ, ಹಿಂಡಿ, ಸಣ್ಣಗೆ ಹೆಚ್ಚಿ ಹುರಿದು ಹಾಕುತ್ತೇನೆ. ರುಚಿ ಅದೇ ಅಲ್ಲ. ಆದರೆ ಹಂದಿಗೂ ಕಣಿಲೆಗೂ ಹೊಂದಿಕೆ ಇದ್ದೇ ಇದೆ, ಅದನ್ನು ಯಾರೂ ನಮಗೆ ಕಲಿಸಬೇಕಿಲ್ಲ.

ಖಾರದ ಎಣ್ಣೆ ಅಂಗಡಿಯ ಬಾಟಲಿಯದು ಬೇಡ, ಮನೆಯಲ್ಲೇ ಮಾಡು. ನಾನು ಕೊಟ್ಟ ಬ್ಯಾಡಗಿ ಮೆಣಸಿನಕಾಯಿ ಇನ್ನೂ ಇದ್ದರೆ ಅದೇ ಒಳ್ಳೆಯದು. ಬಣ್ಣ ಜಾಸ್ತಿ, ಖಾರ ಕಡಿಮೆ, ಇಲ್ಲಿಗೆ ಬೇಕಾದದ್ದೂ ಅದೇ. ಬೀಜ ಉದುರಿಸಿ, ಬಾಣಲೆಯಲ್ಲಿ ಬೆಚ್ಚಗೆ ಮಾಡಿ, ತರಿ ತರಿಯಾಗಿ ಪುಡಿ ಮಾಡು. ಗಾಜಿನದು ಬೇಡ, ಸ್ಟೀಲ್ ಪಾತ್ರೆಗೆ ಹಾಕು. ಎಣ್ಣೆ ಹೊಗೆಯಾಡುವ ಮೊದಲೇ ಒಲೆ ಆರಿಸಿ ಒಂದೆರಡು ನಿಮಿಷ ಬಿಡು. ಒಂದು ಚೂರು ಮೆಣಸಿನಪುಡಿ ಹಾಕಿ ನೋಡು. ಸುತ್ತ ನೊರೆ ಬಂದು ಕೆಂಪಗೇ ಉಳಿದರೆ ಸರಿ. ಕಪ್ಪಾದರೆ ಇನ್ನೂ ಆರಲಿ. ಪುಡಿಯ ಮೇಲೆ ಎಣ್ಣೆಯನ್ನು ಎರಡು ಮೂರು ಸಲಕ್ಕೆ ಸುರಿ. ರಾತ್ರಿ ಮುಚ್ಚಿಟ್ಟು ಮಾರನೆಯ ದಿನ ಬಳಸು. ತಳದ ಗಸಿಯನ್ನೂ ಸೇರಿಸಿಯೇ ಬಡಿಸಬೇಕು.

ನಾಲಿಗೆ ಜುಮ್ಮೆನ್ನಿಸುವ ಆ ಕೆಂಪು ಸಿಪ್ಪೆ ಇತ್ತಲ್ಲ, ನೀನು ಹೆದರಿ ನೀರು ಕುಡಿದೆಯಲ್ಲ, ಅದಿಲ್ಲದಿದ್ದರೆ ಮಾತ್ರ ಇದನ್ನು ಮಾಡಲೇಬೇಡ. ಬೇರೆ ಎಲ್ಲದಕ್ಕೂ ನಾನು ರಾಜಿ. ಸಿಚುವಾನ್ ಪೆಪ್ಪರ್ ಅಂತ ಹೆಸರಿದ್ದರೂ ನಮ್ಮ ತೋಟದ ಕರಿಮೆಣಸಿಗೂ ಅದಕ್ಕೂ ಏನೂ ಸಂಬಂಧವಿಲ್ಲ. ಅದು ಕಿತ್ತಳೆ, ನಿಂಬೆಯ ಕುಟುಂಬದ್ದು. ಮೂಸಿ ನೋಡು, ಕಿತ್ತಳೆ ಸಿಪ್ಪೆಯ ವಾಸನೆ ಬರುತ್ತದೆ. ಈ ನಂಟಿನಿಂದಾಗಿ ನೀನಿರುವ ದೇಶದಲ್ಲಿ 1968ರಿಂದ 2005ರವರೆಗೆ ಅದರ ಆಮದಿಗೆ ನಿಷೇಧ ಇತ್ತು. ಕಿತ್ತಳೆ ಗಿಡಕ್ಕೆ ಬರುವ ಕ್ಯಾಂಕರ್ ರೋಗ ಅದರ ಜೊತೆ ಬಂದೀತು ಅಂತ ಭಯ. ಕಿತ್ತಳೆ ತೋಟಗಳು ಹಾಳಾದದ್ದನ್ನು ಕಂಡ ಕೊಡಗಿನವರು ಆ ಭಯವನ್ನು ನೋಡಿ ನಗುವ ಹಾಗಿಲ್ಲ.

ಅದು ಖಾರ ಅಲ್ಲ, ಹುಳಿಯೂ ಅಲ್ಲ. ತುಟಿ ನಡುಗಿದ ಹಾಗೆ ಆಗುತ್ತದೆ. ಸುಮ್ನೆ ಹಾಗನ್ನಿಸುವುದಲ್ಲ. ಲಂಡನ್ನಿನ ಸಂಶೋಧಕರು 2013ರಲ್ಲಿ ಇದನ್ನು ಜನರ ತುಟಿಗೆ ಹಚ್ಚಿ, ಬೆರಳಿಗೆ ಒಂದು ಕಂಪಿಸುವ ಯಂತ್ರ ತಾಗಿಸಿ, ಎರಡೂ ಒಂದೇ ಥರ ಅನ್ನಿಸುವುದು ಯಾವಾಗ ಅಂತ ಕೇಳಿದರು. ಸೆಕೆಂಡಿಗೆ ಸುಮಾರು 50 ಸಲದ ಕಂಪನಕ್ಕೆ ಅದು ತಾಳೆಯಾಯಿತು. ಸ್ಪರ್ಶದ ನರಗಳನ್ನೇ ಅದು ಕೆಣಕುತ್ತದಂತೆ.

ನಾನು ಬಳಸುವುದು ಅದರ ದಾಯಾದಿಯನ್ನು. ಮಂಗಳೂರಿನ ಕೊಂಕಣಿಯವರು ಬಂಗುಡೆ ಸಾರಿಗೆ ಹಾಕುವ ತೆಪ್ಪಲ್, ನಮ್ಮ ಕಡೆ ಜುಮ್ಮನಕಾಯಿ ಅನ್ನುತ್ತಾರೆ. ಅದೂ ಅದೇ ಜಾತಿಯ ಮರ. ವಾಸನೆ ಸ್ವಲ್ಪ ಒರಟು, ಆದರೆ ನಾಲಿಗೆ ಹಾಗೇ ಜುಮ್ಮೆನ್ನುತ್ತದೆ. ಎರಡಕ್ಕೂ ಕೆಲಸ ಒಂದೇ. ಒಳಗಿನ ಕಪ್ಪು ಬೀಜ ಆರಿಸಿ ಎಸೆಯಬೇಕು, ಹಲ್ಲಿಗೆ ಮರಳಿನ ಹಾಗೆ ಸಿಗುತ್ತದೆ. ಸಿಪ್ಪೆಯನ್ನು ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ ಪುಡಿ ಮಾಡಿ ಜರಡಿ ಹಿಡಿ. ಬಟ್ಟಲಿಗೆ ಕಾಲು ಚಮಚ ಸಾಕು. ಒಂದು ವಾರದ ಮೇಲೆ ಇಡಬೇಡ, ಘಮ ಹೋಗುತ್ತದೆ.

ಹುಳಿಗೆ ನಾನು ಕಾಚಂಪುಳಿ ಹಾಕುತ್ತೇನೆ, ಬಟ್ಟಲಿಗೆ ನಾಲ್ಕೇ ಹನಿ. ನೀನು ಹಾಗೆ ಮಾಡಬೇಡ. ನಿನಗೆ ಜೆಂಜಿಯಾಂಗಿನ ಕಪ್ಪು ವಿನೆಗರ್ ಸಿಗುತ್ತದೆ. ಅದು ಅಂಟು ಅಕ್ಕಿಯದು, ಹುಳಿಯ ಹಿಂದೆ ಸಣ್ಣ ಸಿಹಿ ಇದೆ. ಕಾಚಂಪುಳಿಯಲ್ಲಿ ಆ ಸಿಹಿ ಇಲ್ಲ, ಹಣ್ಣಿನ ರಸವನ್ನು ಕಪ್ಪಾಗುವ ತನಕ ಬತ್ತಿಸಿದ ಗಡಸು ಹುಳಿ ಅದು. ನಿನ್ನ ಹತ್ತಿರ ಇರುವ ಬಾಟಲಿ ಪಂದಿ ಕರಿಗೇ ಇರಲಿ.

ಇನ್ನು ಜೋಡಿಸುವುದು. ನೂಡಲ್ಸ್ ಬೇಯುವ ಮೊದಲೇ ಬಟ್ಟಲಿನ ತಳದಲ್ಲಿ ಸಾಸ್ ಸಿದ್ಧವಾಗಿರಬೇಕು. ಒಬ್ಬರ ಬಟ್ಟಲಿಗೆ ಒಂದು ದೊಡ್ಡ ಚಮಚ ಸೋಯಾ, ಒಂದು ಸಣ್ಣ ಚಮಚ ವಿನೆಗರ್, ಅರ್ಧ ಸಣ್ಣ ಚಮಚ ಸಕ್ಕರೆ, ಜಜ್ಜಿದ ಒಂದು ಎಸಳು ಬೆಳ್ಳುಳ್ಳಿ, ಎರಡು ದೊಡ್ಡ ಚಮಚ ಖಾರದ ಎಣ್ಣೆ, ಜುಮ್ಮನೆ ಪುಡಿ. ಒಂದು ಚಮಚ ಎಳ್ಳಿನ ಪೇಸ್ಟ್ ನನಗೆ ಇಷ್ಟ, ಎಳ್ಳೇ ಹಾಕದೆ ಮಾಡುವವರೂ ಇದ್ದಾರೆ. ನಿನ್ನ ರೂಮ್‌ಮೇಟ್ ಹಾಕುವ ಪೀನಟ್ ಬಟರ್ ಬಗ್ಗೆ ನಾನೇನೂ ಹೇಳುವುದಿಲ್ಲ. ಹೇಳಿದರೆ ಜಗಳವಾಗುತ್ತದೆ. ಸಿಚುವಾನಿನಿಂದ ಜಪಾನಿಗೆ ಹೋದ ಬಾಣಸಿಗ ಚೆನ್ ಕೆನ್ಮಿನ್ ಅಲ್ಲಿಯವರಿಗೆ ಹಿಡಿಸುವ ಹಾಗೆ ಇದನ್ನು ಎಳ್ಳಿನ ಸಾರಿನಲ್ಲಿ ಮುಳುಗಿಸಿಯೇ ಬಿಟ್ಟರು. ಅದೀಗ ಜಪಾನಿನ ಊಟ ಆಗಿದೆ. ಹಾಗಾಗಿ ನನ್ನ ತೆಪ್ಪಲ್, ಬೈಂಬಳೆ ನೋಡಿ ಅಸಲಿ ನಕಲಿ ಅಂತ ನೀನು ಶುರು ಮಾಡಬೇಡ.

ನೂಡಲ್ಸ್ ತೆಳ್ಳಗಿನ ಗೋಧಿಯದೇ ಆಗಬೇಕು. ಇಲ್ಲಿ ನಾನು ಕುಶಾಲನಗರಕ್ಕೆ ಹೋದಾಗ ಬೈಲಕುಪ್ಪೆಯ ಟಿಬೆಟಿನವರ ಅಂಗಡಿಯಿಂದ ತರುತ್ತೇನೆ, ಅವರ ನೂಡಲ್ಸ್ ಸಾರು ಥುಕ್ಪಾಗೆ ಹಾಕುವಂಥದ್ದು. ಒಮ್ಮೆ ನಮ್ಮ ಅಕ್ಕಿ ಶಾವಿಗೆ ನೂಪುಟ್ಟಿನ ಮೇಲೂ ಇದನ್ನು ಸುರಿದು ನೋಡಿದೆ. ಹಿಡಿಸಲಿಲ್ಲ. ಅಕ್ಕಿ ಎಳೆ ಎಣ್ಣೆಯನ್ನೆಲ್ಲ ಹೀರಿ ಮುರಿದು ಹೋಗುತ್ತದೆ. ನೂಪುಟ್ಟಿಗೆ ಸಾರೇ ಬೇಕು.

ದೊಡ್ಡ ಪಾತ್ರೆಯಲ್ಲಿ ಧಾರಾಳ ನೀರು ಕುದಿಸು. ಎಳೆಯ ನಡುವೆ ಸ್ವಲ್ಪ ಗಟ್ಟಿ ಇರುವಾಗಲೇ ತೆಗೆ. ಅದೇ ನೀರಿನಲ್ಲಿ ಒಂದು ಹಿಡಿ ಬಾಕ್ ಚಾಯ್ ಅಥವಾ ಪಾಲಕ್ ಅದ್ದಿಕೋ. ಬಟ್ಟಲಿನ ಸಾಸಿಗೆ ಈ ಬಿಸಿ ನೀರು ಎರಡು ಮೂರು ಚಮಚ ಹಾಕಿ ಕದಡು. ಗಂಜಿಯ ಅಂಶ ಇರುವುದರಿಂದ ಎಣ್ಣೆ, ಸೋಯಾ, ಎಳ್ಳು ಒಂದಾಗುತ್ತವೆ. ತಕ್ಷಣ ನೂಡಲ್ಸ್ ಹಾಕು, ಮೇಲೆ ಎರಡು ಮೂರು ಚಮಚ ಖೀಮಾ, ಸೊಪ್ಪು, ಈರುಳ್ಳಿ ಎಲೆ. ಬೇಯಿಸಿ ಬಸಿದು ಪಕ್ಕಕ್ಕಿಟ್ಟು ಆಮೇಲೆ ಸಾಸ್ ಮಾಡಲು ಹೊರಟರೆ ಉಂಡೆ ಕಟ್ಟದೆ ಇನ್ನೇನಾಗುತ್ತದೆ? ತಿನ್ನುವವರು ತಳದಿಂದ ಮೇಲಕ್ಕೆ ಚೆನ್ನಾಗಿ ಕಲಸಿಕೊಂಡೇ ತಿನ್ನಬೇಕು. ಫೋನಿನಲ್ಲಿ ಫೋಟೋ ತೆಗೆಯುತ್ತಾ ಕೂತರೆ ಮತ್ತೆ ಉಂಡೆಯೇ.

ಪ್ಯಾಕೆಟ್ಟಿನಲ್ಲಿ ಉಳಿದ ಹಸಿ ಖೀಮಾವನ್ನು ಫ್ರಿಜ್ಜಿನಲ್ಲಿ ಎರಡು ದಿನಕ್ಕಿಂತ ಹೆಚ್ಚು ಇಡಬೇಡ. ತಂದ ದಿನವೇ ಮೂರು ಪಾಲು ಮಾಡಿ ಎರಡನ್ನು ಫ್ರೀಜರಿಗೆ ಹಾಕು. ಕೊಚ್ಚಿದ ಹಂದಿ ಮಾಂಸ ಒಳಗೂ 71 ಡಿಗ್ರಿ ಮುಟ್ಟಬೇಕು ಅನ್ನುವುದು ನಿಮ್ಮ ಅಮೆರಿಕದ ನಿಯಮ. ನಾನು ಹೇಳಿದ ಹಾಗೆ ಹುರಿದರೆ ಆ ಚಿಂತೆಯೇ ಇಲ್ಲ. ಹುರಿದದ್ದು ಮೂರು ದಿನ ಫ್ರಿಜ್ಜಿನಲ್ಲಿ ಇರುತ್ತದೆ, ಬಿಸಿ ಅನ್ನಕ್ಕೂ ಮೊಟ್ಟೆಗೂ ಹಾಕಿಕೊಳ್ಳಬಹುದು. ಮುಂದಿನ ಸಲ ಹುರಿಯುವಾಗ ವಿಡಿಯೋ ಕರೆ ಮಾಡು. ಕ್ಯಾಮೆರಾ ಎಲ್ಲಿ ಬೇಕಾದರೂ ತಿರುಗಿರಲಿ, ಬಾಣಲೆಯ ಸದ್ದು ನನಗೆ ಕೇಳಿದರೆ ಸಾಕು.

ಡಿಸೆಂಬರಿನಲ್ಲಿ ಬರುವಾಗ ಯಾ ಸಾಯ್ ನಾಲ್ಕು ಪ್ಯಾಕೆಟ್, ಆ ಕಪ್ಪು ವಿನೆಗರ್ ಒಂದು ಬಾಟಲಿ ತಾ. ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಚೆಕ್-ಇನ್ ಬ್ಯಾಗಿನ ನಡುವೆ ಇಡು. ಅಪ್ಪನಿಗೆ ಚಾಕೊಲೇಟ್ ಬೇಡ, ಡಾಕ್ಟರು ಬೈದಿದ್ದಾರೆ.

ನಿನ್ನ
ಅವ್ವ